ಕಾಗದನಗರದಲ್ಲಿ ಸಿಕ್ಕ ಪಾಯಿಂಟ್ ಸೆಟ್

ನನ್ನ ಹಳೇ ಬೈಕಿನ ಪಾಯಿಂಟ್ ಸೆಟ್ ಸವೆದು, ಇಂಜಿನ್‌ಗೆ ಕಿಡಿ ಬರೋದೇ ನಿಂತು, ಗಾಡಿ ಸ್ಟಾರ್ಟ್ ಆಗ್ತಿರ್ಲಿಲ್ಲ. ಶಿವಮೊಗ್ಗದಲ್ಲೆಲ್ಲೂ ಸಿಗದೆ, ಭದ್ರಾವತಿಯ ಕಾಗದನಗರದಲ್ಲಿ ಅಂಥದೇ ಬೈಕ್ ಇಟ್ಕೊಂಡಿರೋ ರಿಟೈರ್ಡ್ ಸಾರ್ ಒಬ್ಬರನ್ನ ಕೇಳೋಕೆ ಹೋದೆ.

"ಎಕ್ಸ್‌ಟ್ರಾ ಇಲ್ಲ ಮಾರಾಯ. ಕಾಫಿ ಕುಡಿದು ಹೋಗು" ಅಂತ ಹಾಲು ತರೋಕೆ ಹೊರಟ್ರು.

ಅವರು ಗೇಟು ದಾಟಿದ್ದೇ ತಡ, ಅವರ ಹೆಂಡ್ತಿ ಸ್ಕ್ರೂಡ್ರೈವರ್ ತಂದ್ಕೊಟ್ರು. "ಇವರ ಗಾಡಿದೇ ಬಿಚ್ಕೊಳ್ಳಪ್ಪ. ಕಣ್ಣು ಸರಿಯಾಗಿ ಕಾಣಲ್ಲ, ಬೇಡ ಅಂದ್ರೂ ಓಡಿಸ್ತಾರೆ."

ಆ ಅಮ್ಮನ ಮಾತು ಮೀರೋಕಾಗ್ಲಿಲ್ಲ. ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಕಾಫೀನೂ ಕುಡಿದೆ.

ವಾರ ಬಿಟ್ಟು ಸಾರ್ ಫೋನ್ ಮಾಡಿದ್ರು. "ನನ್ನ ಗಾಡೀನೂ ಸ್ಟಾರ್ಟ್ ಆಗ್ತಿಲ್ಲ ಮಾರಾಯ, ಪಾಯಿಂಟೇ ಸುಟ್ಟಿರ್ಬೇಕು. ನಿನ್ನ ಗಾಡಿ ಓಡ್ತಿದೆಯಂತಲ್ಲ, ನಿಂಗೆಲ್ಲಿ ಸಿಕ್ತು?"

"ಭದ್ರಾವತೀಲೇ ಸಾರ್."

"ಹೌದಾ? ನಂಗೇ ಗೊತ್ತಿಲ್ವಲ್ಲ! ಬಾ, ಆ ಅಂಗಡಿ ತೋರ್ಸು."

ಈಗ ಪ್ರತಿ ಭಾನುವಾರ ಅವರನ್ನ ನನ್ನ ಬೈಕಲ್ಲಿ ಕೂರಿಸ್ಕೊಂಡು, ಊರೆಲ್ಲ ಆ ಅಂಗಡಿ ಹುಡುಕ್ತಿದ್ದೀನಿ. ಅಮ್ಮ ಬಾಗಿಲಲ್ಲಿ ನಿಂತು, "ನಿಧಾನಕ್ಕೆ ಹುಡುಕಿ, ಅವಸರ ಏನಿಲ್ಲ" ಅಂತಾರೆ.