ನಿನಗೊಂದು ಗರಿ, ನನಗೊಂದು ಗರಿ

ಬೇರೆ ಊರಿನಲ್ಲಿ ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತಾರೆ. ಬನವಾಸಿಯ ಪಾತ್ರೆ ಅಂಗಡಿ ಶಂಕ್ರಪ್ಪ ಹಳೆ ಲಕೋಟೆಗೆ ಡಬ್ಬಿ ಕೊಡುತ್ತಾನೆ. ಅಂಚೆಚೀಟಿ ಹರಿದಿರಬಾರದು, ಮೇಲಿನ ಮುದ್ರೆ ಓದುವಂತಿರಬೇಕು, ಅಷ್ಟೇ. ಊರ ಹೆಂಗಸರೇನು ದಡ್ಡರೇ? ಅಟ್ಟದ ಮೇಲಿನ ಟ್ರಂಕುಗಳನ್ನೆಲ್ಲ ಕೆಳಗಿಳಿಸಿದರು. ಅವರ ಅಡುಗೆಮನೆಗೆ ಡಬ್ಬಿಗಳು ಹೋದವು, ಇವನ ಕಪಾಟಿಗೆ ಬ್ರಿಟಿಷರ ಕಾಲದ ಕಾರ್ಡುಗಳು ಬಂದವು.

ನನ್ನ ಜೆರಾಕ್ಸ್ ಅಂಗಡಿ ಅವನ ಅಂಗಡಿಯ ಎದುರಿಗೇ ಇದೆ, ನನ್ನ ಹಣೆಬರಹ. ಮದುವೆ ಕರೆಯೋಲೆ ಅಚ್ಚಾಗುತ್ತಿರುವಾಗಲೇ ಓಡಿ ಬಂದು, "ಈ ಪತ್ರದ್ದು ಒಂದು ಕಾಪಿ ತೆಗಿ, ಮಷಿನ್ ಬಿಸಿ ಮಾಡಬ್ಯಾಡ" ಅನ್ನುತ್ತಾನೆ. ಬಿಸಿಯಾಗದ ಜೆರಾಕ್ಸ್ ಮಷಿನ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಅದಕ್ಕೂ ನಗು. ಸಹಿಯ ಹುಚ್ಚು ಬೇರೆ ಇದೆ. ನಾಟಕದ ರಾಜ, ಕುಸ್ತಿ ಪೈಲ್ವಾನ, ದೊಡ್ಡ ಅಧಿಕಾರಿ, ಯಾರು ಬಂದರೂ ಅವನ ಪುಸ್ತಕದಲ್ಲಿ ಸಹಿ ಹಾಕದೆ ಊರು ಬಿಡುವ ಹಾಗಿಲ್ಲ. ಒಬ್ಬರು ಸಹಿ ಹಾಕಿ ಇವನ ಪೆನ್ನನ್ನೇ ಜೇಬಿಗೆ ಸಿಕ್ಕಿಸಿಕೊಂಡು ಹೋದರು. ಶಂಕ್ರಪ್ಪನಿಗೆ ಅದೂ ಹೆಮ್ಮೆ.

"ನನ್ನ ಸಹಿ ಒಂದೂ ಇಲ್ಲ ನೋಡ್ರಿ ಅದ್ರಾಗ," ಎಂದು ಅವನ ಹೆಂಡತಿ ಶೈಲಾ ಒಮ್ಮೆ ನನ್ನೆದುರೇ ಹೇಳಿದಳು.

"ನಿನ್ನ ಸಹಿ ಬ್ಯಾಂಕಿನಾಗ ಐತಲ್ಲ, ಅಲ್ಲೇ ಇರ್ಲಿ," ಅಂದ ಮಹಾರಾಯ.

ಇಷ್ಟೆಲ್ಲ ಇದ್ದರೂ ಅವನ ಜೀವವೆಲ್ಲ ಇದ್ದದ್ದು ಒಂದು ಓಲೆಗರಿ ಕಟ್ಟಿನ ಮೇಲೆ. ದಾಸನಕೊಪ್ಪದ ಪಾರ್ವತವ್ವನ ಮನೆಯ ದೇವರ ಜಗಲಿಯಲ್ಲಿ ವಿಭೂತಿ ಬಳಿಸಿಕೊಂಡು ಅದು ಕೂತಿತ್ತು. ಹಂಡೆ ಮಾರಲು ಹೋದವನು ಅದನ್ನು ಕಂಡು ಹಂಡೆ ಮರೆತ. ದೀಪದ ಮಸಿಗೆ ಎಣ್ಣೆ ಕಲಸಿ ಗರಿಗೆ ಸವರಿ ಒರೆಸಿದ, ಕೊರೆದ ಅಕ್ಷರಗಳು ಕಪ್ಪಗೆ ಎದ್ದವು. ಯಾರೋ ಊರ ಕವಿ ಬರೆದ ಕಥೆ. ಆದರೆ ಅಂಚಿನಲ್ಲಿದ್ದ ಅಂಕಿಗಳು ಒಂದು, ಮೂರು, ಐದು ಎಂದು ಹಾರುತ್ತಿದ್ದವು. ಒಂದು ಗರಿಯ ಕೊನೆಯಲ್ಲಿ ಕಳ್ಳ ಮುದುಕಿಯ ಮನೆಯ ಬಾಗಿಲು ತಟ್ಟುತ್ತಾನೆ. ಮುಂದಿನ ಗರಿಯಲ್ಲಿ ಎಲ್ಲರೂ ಹೋಳಿಗೆ ಉಂಡು ಕೈ ತೊಳೆಯುತ್ತಿದ್ದಾರೆ!

"ನಡುವಿನ ಗರಿ ಎಲ್ಲಿ ಯವ್ವಾ?"

"ಪಾಲಿನಾಗ ಹೋದ್ವು," ಅಂದಳು ಪಾರ್ವತವ್ವ.

ಅವಳ ಮಾವನೂ ಮಾವನ ತಮ್ಮನೂ ಬೇರೆಯಾದಾಗ ಪಂಚರು ಎತ್ತು, ಹಂಡೆ, ಗದ್ದೆ ಎಲ್ಲ ಸಮಪಾಲು ಮಾಡಿದರಂತೆ. ದೇವರ ಕಟ್ಟು ಒಬ್ಬರಿಗೇ ಹೋದರೆ ಇನ್ನೊಬ್ಬರ ಮನೆ ಬರಿದಾಗುತ್ತದಲ್ಲ? ದಾರ ಬಿಚ್ಚಿ, ನಿನಗೊಂದು ಗರಿ, ನನಗೊಂದು ಗರಿ ಎಂದು ಹಂಚಿಬಿಟ್ಟರು. ಎಂಥ ನ್ಯಾಯವಪ್ಪಾ! ಆಮೇಲೆ ಎತ್ತಿನ ವಿಷಯಕ್ಕೆ ಜಗಳವಾಗಿ ಹೋಗಿ ಬರುವುದೂ ನಿಂತಿತು. ಉಳಿದರ್ಧ ಅಂಡಗಿಯಲ್ಲಿ, ಆ ತಮ್ಮನ ಮೊಮ್ಮಗ ಶರಣನ ಮನೆಯಲ್ಲಿತ್ತು.

ಎರಡನ್ನೂ ಕೂಡಿಸಿ ತನ್ನ ಕಪಾಟಿನಲ್ಲಿ ಇಟ್ಟರೆ ತನ್ನ ಜನ್ಮ ಸಾರ್ಥಕ ಎಂದು ಶಂಕ್ರಪ್ಪ ಎರಡೂ ಊರಿಗೆ ಚಪ್ಪಲಿ ಸವೆಸಿದ. ಅವರು ಕೊಟ್ಟರೆ ಕೊಡುತ್ತೇನೆ ಎಂದು ಇವರು, ಇವರು ಕೊಟ್ಟರೆ ಎಂದು ಅವರು. ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತೇನೆ ಎಂದರೆ ಶರಣ, "ದೇವ್ರನ್ನ ವಾಟ್ಸಪ್ಪಿಗೆ ಹಾಕ್ತೀರೇನ್ರಿ?" ಎಂದು ರೇಗಿದ. ಕೊನೆಗೆ ನಾನೇ ತಲೆ ಕೆಟ್ಟು, "ಕೊಡೋದು ಬ್ಯಾಡಪ್ಪ, ಶ್ರಾವಣ ಸೋಮವಾರ ಒಂದ್ಕಡೆ ಕೂತು ಕೇಳ್ರಿ ಸಾಕು," ಅಂದೆ. ಶ್ರಾವಣದಲ್ಲಿ ಪುರಾಣ ಕೇಳುವುದಕ್ಕೆ ಯಾರು ಬೇಡವೆನ್ನುತ್ತಾರೆ? ಒಪ್ಪಿದರು.

ಶರಣನನ್ನೂ ಅವನ ಹೆಂಡತಿ ಗೀತಾಳನ್ನೂ ನನ್ನ ಓಮ್ನಿಯಲ್ಲೇ ದಾಸನಕೊಪ್ಪಕ್ಕೆ ಕರೆತಂದೆ. ಗೀತಾ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಪಕ್ಕದಲ್ಲೇ ಕೂತಳು. ಪಾರ್ವತವ್ವ ಆ ಕಡೆ ಗೋಡೆಗೆ ಒರಗಿದ್ದಳು. ಶಂಕ್ರಪ್ಪ ಇವರದೊಂದು, ಅವರದೊಂದು ಗರಿ ಈಸಿಕೊಂಡು ಓದುತ್ತ ಹೋದ. ಕಳ್ಳ ಬಾಗಿಲು ತಟ್ಟಿದ. ಗರಿ ಮುಗಿಯಿತು.

"ಮುಂದಿಂದು ಕೊಡ ತಂಗಿ, ಲಗೂನ!" ಎಂದು ಪಾರ್ವತವ್ವ ಗೋಡೆ ಬಿಟ್ಟು ಮುಂದೆ ಸರಿದಳು.

ಗೀತಾ ಗಡಿಬಿಡಿಯಲ್ಲಿ ಎದ್ದು ಬಂದು ಅವಳ ಪಕ್ಕದಲ್ಲೇ ಕೂತು ಗರಿ ಕೊಟ್ಟಳು. ಕಥೆಯ ಮುದುಕಿಗೆ ಕಣ್ಣು ಮಂಜು. ಬರಬೇಕಾದ ಅಳಿಯನೇ ಬಂದನೆಂದು ತಿಳಿದು, ಇಷ್ಟು ಹೊತ್ತು ಮಾಡಿದ್ದಕ್ಕೆ ಕಳ್ಳನನ್ನು ಚೆನ್ನಾಗಿ ಬೈದು, ಕಾಲು ತೊಳೆಸಿ ಎಲೆಯ ಮುಂದೆ ಕೂಡಿಸುತ್ತಾಳೆ. ಪಾರ್ವತವ್ವ ಗೀತಾಳ ತೊಡೆ ಬಡಿದು ಬಡಿದು ನಕ್ಕಳು. ಗೀತಾ, "ದೊಡ್ಡತ್ತಿ, ನಿಮ್ಮ ದನಿ ಥೇಟ್ ಆ ಮುದುಕಿದ ಐತಿ," ಅಂದೇಬಿಟ್ಟಳು. ಮನೆಯೇ ಬಿದ್ದುಹೋಗುವಷ್ಟು ನಗು.

ಕಥೆ ಮುಗಿದಾಗ ಗರಿಗಳೆಲ್ಲ ಶಂಕ್ರಪ್ಪನ ಮುಂದೆ ಸಾಲಾಗಿ ಕೂಡಿದ್ದವು. ಶರಣ ತಾನಾಗಿ ಬಾಯಿಬಿಟ್ಟ. "ಶಂಕ್ರಪ್ಪಣ್ಣ, ಕೂಡಿದ್ದು ಮತ್ತ ಬ್ಯಾರೆ ಆಗೋದು ಬ್ಯಾಡ. ನೀವಾ ಒಯ್ದು ಇಟ್ಕೊಳ್ರಿ."

ಶಂಕ್ರಪ್ಪನ ಮುಖ ನೋಡಬೇಕಿತ್ತು. ಜೇಬಿನಿಂದ ಹೊಸ ರೇಷ್ಮೆ ದಾರ ತೆಗೆದ. ಮನೆಯಿಂದಲೇ ತಂದಿದ್ದ, ಆಸೆಬುರುಕ! ಗರಿಗಳ ತೂತಿಗೆ ದಾರ ಪೋಣಿಸತೊಡಗಿದ. ನನಗೂ ಸಂತೋಷ ತಡೆಯಲಾಗಲಿಲ್ಲ.

ಪಾರ್ವತವ್ವ ಅವನ ಕೈ ಹಿಡಿದಳು. "ಬ್ಯಾಡೋ ಯಪ್ಪಾ, ಕೂಡಿಸಿ ಕಟ್ಟಬ್ಯಾಡ. ಇದು ನಿನ್ನ ಕಪಾಟಿಗೆ ಹೋತಂದ್ರ ಬರೋ ಶ್ರಾವಣಕ್ಕ ಈ ಹುಡುಗಿ ನಮ್ಮನಿಗೆ ಯಾತಕ್ಕ ಬರ್ತಾಳ?"

ಗೀತಾ ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಂಕ್ರಪ್ಪ ಪೋಣಿಸಿದ ದಾರ ಹೊರಗೆಳೆದು, ಹಲ್ಲಿನಿಂದ ಕಚ್ಚಿ ಎರಡು ತುಂಡು ಮಾಡಿದ, ಇವರ ಕಟ್ಟಿಗೊಂದು, ಅವರ ಕಟ್ಟಿಗೊಂದು.