ಉಳ್ಳಾಗಡ್ಡಿಯ ದಾರ

ಈಗ ಡಿಎನ್‌ಎ ತೆಗೆಯುವ ಸಾಮಾನೆಲ್ಲ ಒಂದೇ ಡಬ್ಬಿಯಲ್ಲಿ ಬರುತ್ತದೆ. ಪುಟ್ಟ ಬಾಟಲಿಗಳು, ಸೋಸುವ ಕೊಳವೆಗಳು, ಹೇಗೆ ಮಾಡಬೇಕೆಂದು ಹೇಳುವ ಹಾಳೆ, ಎಲ್ಲ ಒಳಗೇ. ಮೊನ್ನೆ ಒಂದು ಪ್ರಯೋಗಾಲಯದಲ್ಲಿ ಹುಡುಗಿಯೊಬ್ಬಳು ಅಂಥ ಡಬ್ಬಿ ಬಿಚ್ಚಿ, ನಾನು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿಸಿ, ನೀರಿನಂಥ ಒಂದು ಹನಿ ತೋರಿಸಿದಳು. ಎಲ್ಲಿದೆ ಎಂದೆ. ಅದರಲ್ಲೇ ಇದೆ ಮೇಡಂ, ಕಣ್ಣಿಗೆ ಕಾಣೋದಿಲ್ಲ ಎಂದಳು. ನನಗೆ ಸಿಟ್ಟು ಬಂತು. ಕಾಣದ ಮೇಲೆ ತೆಗೆದದ್ದಾದರೂ ಯಾಕೆ? ಪಾಪ, ಆ ಹುಡುಗಿಯದೇನು ತಪ್ಪು. ಆ ಹೊತ್ತಿನಲ್ಲಿ ನನಗೆ ನನ್ನ ಗೆಳತಿ ಬೇಕಾಗಿತ್ತು, ಅಷ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಗಂಗಾವತಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತಿದ್ದೆ, ಅವಳು ರಸಾಯನಶಾಸ್ತ್ರ. ಅವಳದು ಅದೇ ಊರು. ಬಜಾರಿನಲ್ಲಿ ಅವರಪ್ಪನ ಬಟ್ಟೆ ಅಂಗಡಿ ಇತ್ತು. ನಾನು ಯಲಬುರ್ಗಾ ಕಡೆಯವಳು, ಬಾಡಿಗೆ ಕೋಣೆಯಲ್ಲಿದ್ದೆ. ಪ್ರತಿ ವರ್ಷ ಎರಡು ಬಣ್ಣದ ಚಾಕ್‌ಪೀಸ್ ಹಿಡಿದು ಬೋರ್ಡಿನ ಮೇಲೆ ಡಿಎನ್‌ಎಯ ತಿರುಚಿದ ಏಣಿ ಬರೆಯುತ್ತಿದ್ದೆ. ಒಮ್ಮೆ ಕನಕಗಿರಿಯಿಂದ ಬರುತ್ತಿದ್ದ ವಿದ್ಯಾರ್ಥಿನಿ ಎದ್ದು ನಿಂತು, "ನೀವು ನೋಡೀರೇನ್ರಿ ಮೇಡಂ?" ಎಂದಳು. ಇಲ್ಲವೆಂದೆ. ಸಂಜೆ ಗೆಳತಿಗೆ ಹೇಳಿದರೆ ಅವಳು ನಗಲಿಲ್ಲ. "ಹಂಗಾರ ನೋಡೂಣು. ಇಬ್ರೂ ಕೂಡೇ ನೋಡೂಣು" ಎಂದಳು.

ಹೇಳಿದಷ್ಟು ಸುಲಭವೇ? ಜೀವಕೋಶದ ಪೊರೆ ಒಡೆಯಲು ಎಸ್‌ಡಿಎಸ್ ಎಂಬ ಸಾಬೂನಿನ ಜಾತಿಯ ಬಿಳಿ ಪುಡಿ ಬೇಕು. ಅದು ಮುಂಬಯಿಯಿಂದ ಹುಬ್ಬಳ್ಳಿಗೆ ಬಂದು, ಅಲ್ಲಿಯ ವ್ಯಾಪಾರಿಗೆ ನಮ್ಮ ಕಾಲೇಜು ನೆನಪಾದಾಗ ಇಲ್ಲಿಗೆ ಬರಬೇಕು. ಪ್ರೋಟೀನು ಬೇರ್ಪಡಿಸುವ ಕ್ಲೋರೋಫಾರ್ಮ್ ಕೂಡ ಅವನೇ ತರಬೇಕು. ಕೊನೆಗೆ ಡಿಎನ್‌ಎಯನ್ನು ಬಿಳಿ ದಾರವಾಗಿ ಮೇಲೆಬ್ಬಿಸುವ ಸ್ಪಿರಿಟಿಗೆ ಜಿಲ್ಲಾ ಕೇಂದ್ರ ರಾಯಚೂರಿನ ಅಬಕಾರಿಯವರ ಪರವಾನಗಿ. ನಾವು ಅದನ್ನು ಕುಡಿದುಬಿಡುತ್ತೇವೆಂದು ಅವರಿಗೆ ಖಾತ್ರಿ. ಬಸ್ಸಿನ ಮೇಲಿಂದ ರಟ್ಟಿನ ಪೆಟ್ಟಿಗೆ ಇಳಿದಾಗಲೆಲ್ಲ ಇಬ್ಬರೂ ವರಾಂಡಕ್ಕೆ ಓಡುತ್ತಿದ್ದೆವು. ಬರುತ್ತಿದ್ದದ್ದು ಫಿಲ್ಟರ್ ಪೇಪರು.

ಎಲ್ಲ ಕೂಡಿಬರುವಷ್ಟರಲ್ಲಿ ಅವಳ ನಿಕಾಹ್ ಆಗಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹೈದರಾಬಾದಿಗೆ ಹೊರಡುವ ದಿನ ಬಂದಿತ್ತು. ಹೊರಡುವ ಹಿಂದಿನ ದಿನ ಮನೆಯವರನ್ನು ಕಾಡಿ ಬೇಡಿ ಪ್ರಯೋಗಾಲಯಕ್ಕೆ ಬಂದಳು, ಕೈತುಂಬ ಮೆಹಂದಿ. ಐಸ್ ಫ್ಯಾಕ್ಟರಿಯಿಂದ ಭತ್ತದ ಹೊಟ್ಟಿನಲ್ಲಿ ಹೂತ ಐಸು ತರಿಸಿ ಸ್ಪಿರಿಟ್ ಬಾಟಲಿಯನ್ನು ಅದರೊಳಗೆ ಹುಗಿದೆವು. ಡಿಎನ್‌ಎ ತೆಗೆಯಲು ಕುಷ್ಟಗಿಯ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಇತ್ತು; ಅರೆಯಲು ಮಿಕ್ಸರ್ ಇರಲಿಲ್ಲ. ಬೆಳಿಗ್ಗೆಯೇ ನನ್ನ ಮನೆಯೊಡತಿ ಅಮ್ಮನ ಕೈಗೆ ಕೊಟ್ಟು, ನುಣ್ಣಗೆ ಅರೆದುಕೊಡಿ ಎಂದಿದ್ದೆ.

ಡಬ್ಬಿಯ ಮುಚ್ಚಳ ತೆಗೆದರೆ ಪ್ರಯೋಗಾಲಯದ ತುಂಬ ಬದನೆಕಾಯಿ ಎಣ್ಣೆಗಾಯಿಯ ವಾಸನೆ! ಒಳಗಿದ್ದದ್ದು ಕಂದು ಬಣ್ಣದ ಮುದ್ದೆ. ಹಿಂದೆಯೇ ಬಂದಿದ್ದ ಅಮ್ಮ ಹೆಮ್ಮೆಯಿಂದ ನಿಂತಿದ್ದರು. "ಹಸಿ ಉಳ್ಳಾಗಡ್ಡಿ ಯಾರರ ಅರೀತಾರೇನ್ರಿ? ಕೆಂಡದಾಗ ಸುಟ್ಟು ಅರದೀನಿ. ಛಲೋ ಘಮ ಬಂದೈತಿ ನೋಡ್ರಿ." ನಮ್ಮ ಕಡೆ ಮಸಾಲೆಗೆ ಉಳ್ಳಾಗಡ್ಡಿ ಅರೆಯುವುದೇ ಹಾಗೆ. ಹಸಿಯದೇ ಬೇಕೆಂದು ನಾನು ಹೇಳಿರಲಿಲ್ಲ, ಹೇಳಬೇಕೆಂದು ತೋಚಿಯೂ ಇರಲಿಲ್ಲ. ಗೆಳತಿ ಡಬ್ಬಿ ಮೂಸಿ, "ಒಂದು ರೊಟ್ಟಿ ಇದ್ರ ಭಾಳ ಛಲೋ ಆಗ್ತಿತ್ತು" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಸುಟ್ಟರೆ ಆ ಉದ್ದನೆಯ ದಾರ ಚೂರುಚೂರಾಗುತ್ತದೆಂದು ನಮಗೆ ಗೊತ್ತಿತ್ತು. ಆದರೂ ಬೇರೆ ಉಳ್ಳಾಗಡ್ಡಿ ತಂದು ಅರೆಯಲು ಹೊತ್ತಿರಲಿಲ್ಲ, ಅವಳನ್ನು ಕರೆಯಲು ಮನೆಯಿಂದ ಆಗಲೇ ಆಳು ಬಂದಿದ್ದ. ಮಾಡಿಯೇಬಿಟ್ಟೆವು. ಕೊನೆಗೆ ಅವಳು ತಣ್ಣನೆಯ ಸ್ಪಿರಿಟನ್ನು ಕೊಳವೆಯ ಗೋಡೆಗುಂಟ ಇಳಿಬಿಟ್ಟಳು. ಸುರಿಯುವ ಕೆಲಸ ಯಾವಾಗಲೂ ಅವಳದೇ. ನನ್ನ ಕೈ ನಡುಗುತ್ತದೆ. ಏನೋ ಒಂದಿಷ್ಟು ಬಿಳಿ ಪುಡಿ ತೇಲಿ ತಳ ಸೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಬುರ್ಖಾ ಹಾಕಿಕೊಂಡು, ನನ್ನ ಕೈ ಒತ್ತಿ ಹೋದಳು.

ಆಮೇಲೆ ನಾನೊಬ್ಬಳೇ ಮಾಡಬಹುದಿತ್ತು. ಎಸ್‌ಡಿಎಸ್ ಇತ್ತು, ಸ್ಪಿರಿಟ್ ಇತ್ತು. ಮನಸ್ಸಾಗಲಿಲ್ಲ. ಅವಳ ಮೇಜಿಗೆ ಬಂದ ಹೊಸ ಮೇಷ್ಟ್ರು ಒಳ್ಳೆಯವರೇ, ಆದರೆ ಅವರ ಮುಖ ಕಂಡರೆ ನನಗೆ ಸುಮ್ಮಸುಮ್ಮನೆ ಕೋಪ ಬರುತ್ತಿತ್ತು. ಸಂಜೆ ಕಾಲುವೆಯ ದಂಡೆಗೆ ತಿರುಗಾಡಲು ಹೋಗುವುದನ್ನೂ ಬಿಟ್ಟೆ. ಜೊತೆಗೆ ಜಗಳವಾಡಲು ಯಾರೂ ಇರಲಿಲ್ಲ.

ಮುಂದಿನ ವರ್ಷ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಒಂದು ಮಧ್ಯಾಹ್ನ ಟಾಂಗಾದಲ್ಲಿ ಅವರಮ್ಮನ ಜೊತೆ ಬಂದೇಬಿಟ್ಟಳು. ಮೊದಲೇ ಹೇಳಿಕಳಿಸಿದ್ದರಿಂದ ನಾನು ಹಸಿ ಉಳ್ಳಾಗಡ್ಡಿಯನ್ನು ಕಣ್ಣೀರು ಸುರಿಸುತ್ತ ಕುಟ್ಟಿ, ಸೋಸಿ, ಸಿದ್ಧಮಾಡಿದ್ದೆ. ಆದರೆ ಬಾಗಿಲಿಗೆ ಬಂದವಳೇ ಸೆರಗಿನಿಂದ ಮೂಗು ಮುಚ್ಚಿ ಹಿಂದೆ ಸರಿದಳು. ಕ್ಲೋರೋಫಾರ್ಮಿನ ವಾಸನೆಗೆ ಅವಳಿಗೆ ಹೊಟ್ಟೆ ತೊಳಸಿತ್ತು. "ಒಳಗ ಕಾಲಿಟ್ಟೀಯ ನೋಡು" ಎಂದು ಅವರಮ್ಮ ತೋಳು ಹಿಡಿದರು.

ನನಗೆ ಅಳು ಬಂತು. ಮತ್ತೆ ತಪ್ಪಿಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅವಳು ವರಾಂಡದ ಗಾಳಿಯಲ್ಲಿ ಕಿಟಕಿಯ ಹತ್ತಿರ ನಿಂತು, "ಕೊಳವಿ ಇಲ್ಲಿ ತಾ, ಸ್ಪಿರಿಟ್ ನನ್ನ ಕೈಯಾಗ ಕೊಡು" ಎಂದಳು. ನಾನು ಒಳಗಿನಿಂದ ಕೊಳವೆಯನ್ನು ಕಿಟಕಿಯ ಕಟ್ಟೆಗೆ ಆನಿಸಿ ಹಿಡಿದೆ. ಅವಳು ಕಂಬಿಗಳ ನಡುವೆ ಕೈ ತೂರಿಸಿ, ಒಂದಿಷ್ಟೂ ಅಲುಗಾಡದ ಹಾಗೆ, ನಿಧಾನ ಸುರಿದಳು.

ಉಳ್ಳಾಗಡ್ಡಿಯ ರಸವೂ ಸ್ಪಿರಿಟೂ ಕೂಡುವಲ್ಲಿ ಬಿಳಿ ದಾರ ಎದ್ದಿತು. ಒಂದರ ಹಿಂದೊಂದು ಎದ್ದು, ಒಂದನ್ನೊಂದು ಹಿಡಿದುಕೊಂಡು ಮೇಲೆ ತೇಲಿದವು. ಗಾಜಿನ ಕಡ್ಡಿ ಇಟ್ಟು ತಿರುಗಿಸಿದೆ, ಸುತ್ತಿಕೊಂಡಿತು. ನಾನು ಬೋರ್ಡಿನ ಮೇಲೆ ಬರೆದದ್ದರಲ್ಲಿ ಇಷ್ಟು ಚೆಂದ ಯಾವುದೂ ಇರಲಿಲ್ಲ. ಇಬ್ಬರ ತಲೆಗಳೂ ಕಂಬಿಗೆ ತಾಗಿದ್ದವು. ಅವರಮ್ಮ ಕೂಡ ಹಣಿಕಿ ನೋಡಿ, "ಯಾ ಅಲ್ಲಾ" ಎಂದರು.

ಅವಳು ಬಾಟಲಿಗೆ ಬೂಚು ಹಾಕಿ ನನ್ನ ಕೈಗೆ ಕೊಟ್ಟಳು. ಮುಖ ಕೆಂಪಗಾಗಿತ್ತು. ಉಸಿರು ಎಳೆದುಕೊಂಡು, "ಮುಂದ ಏನ ಮಾಡೂಣು?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವರಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು ಕರೆದೊಯ್ದು ಟಾಂಗಾ ಹತ್ತಿಸಿ, ಟಾಂಗಾದವನಿಗೆ ಹೊರಡು ಎಂದರು.