ಅದಾನ, ಅದಾಳ, ಅದ

ತಪ್ಪು ಕನ್ನಡ ಕಿವಿಗೆ ಬಿದ್ದರೆ ಸಾಕು, ಅಕ್ಕೋರ ಎಡಹುಬ್ಬು ಮೇಲೇರುತ್ತಿತ್ತು. ಬಲಹುಬ್ಬು ತನಗೇನೂ ಸಂಬಂಧವಿಲ್ಲ ಎನ್ನುವಂತೆ ಸುಮ್ಮನಿರುತ್ತಿತ್ತು. ಸಪ್ತಾಪುರದಲ್ಲಿ ಅವರ ಮನೆಯ ಮೇಲಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ, ನೌಕರಿಯ ಪರೀಕ್ಷೆಗೆ ಓದಿಕೊಳ್ಳುತ್ತ. ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಅಕ್ಕೋರು. ಆಟೋದ ಹಿಂದೆ ಬರೆದದ್ದನ್ನು ಓದಿ ಆಟೋ ನಿಲ್ಲಿಸಿದ್ದೂ ಉಂಟು. "ತಮ್ಮಾ, ಒಂದು ಒತ್ತಕ್ಷರ ಬಿಟ್ಟೀಯಲ್ಲೋ, ಬರೆಸ್ಕೊಂಡ ಹೋಗು" ಎಂದಿದ್ದರು. ಅವನು ಪಾಪ, ಪಂಕ್ಚರ್ ಆಗಿದೆಯೇನೋ ಎಂದು ಇಳಿದು ಗಾಲಿ ನೋಡುತ್ತಿದ್ದ.

ದೇವರ ವಿಷಯದಲ್ಲಿ ಮಾತ್ರ ಅವರು ನನಗೆ ಎಂದೂ ತಿಳಿಯಲಿಲ್ಲ. ಮುಂಜಾನೆ ತಪ್ಪದೆ ದೀಪ ಹಚ್ಚುವರು, ಹರಕೆ ಗಿರಕೆ ಎಂದರೆ ನಕ್ಕುಬಿಡುವರು. "ಹಂಗಾರ ದೀಪಾ ಯಾಕ ಹಚ್ಚತೀರಿ?" ಎಂದು ಒಮ್ಮೆ ಕೇಳಿದೆ.

"ಅಲ್ಲವಾ, ಗುರ್ತಿಲ್ಲದವರ ಮನಿಗೆ ಹೋದರೂ ಚಪ್ಪಲ್ ಹೊರಗ ಬಿಡತೇವಲ್ಲ, ಹಂಗ."

ಇದು ಹೌದೋ, ಅಲ್ಲವೋ? ನನಗಂತೂ ಬಗೆಹರಿಯಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮೂರು ಮುಗದದಿಂದ ಅವ್ವನನ್ನು ಕರೆತಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ಹೃದಯದ ಆಪರೇಶನ್. ಅವಳನ್ನು ಒಳಗೆ ಒಯ್ದ ಮೇಲೆ ಹೊರಗಿನ ಬೆಂಚಿನ ಮೇಲೆ ಉಳಿದವರು ನಾನು, ಅಕ್ಕೋರು. ಕೈ ಮುಗಿಯಬೇಕೆನಿಸಿತು. ಆ ಕಡೆ ಯಾರಾದರೂ ಇದ್ದಾರೆಂದು ಖಾತ್ರಿಯಿಲ್ಲದೆ ಹೇಗೆ ಮುಗಿಯುವುದು?

"ಅಕ್ಕೋರ, ಒಂದ ಮಾತಿನ್ಯಾಗ ಹೇಳಿಬಿಡ್ರಿ. ದೇವರು ಅದಾನೋ, ಇಲ್ಲೋ?"

"ಅದಾನ ಅಂದ್ಯಲ್ಲ, ಗಂಡಸು ಅಂತ ಯಾರು ಹೇಳಿದರು ನಿನಗ?" ಎಂದರು ಅಕ್ಕೋರು. "ಅದಾಳ ಅಂದ್ರ ಹೆಂಗಸಾತು. ಅದ ಅಂದ್ರ ಈ ಬೆಂಚಿನಂಗ ಆತು. ಅದಾರ ಅಂದ್ರ ಒಬ್ಬರೋ, ಭಾಳ ಮಂದಿಯೋ ತಿಳಿಯೂದಿಲ್ಲ. ಇಲ್ಲ ಅನ್ನೂದು ನೋಡು, ಎಷ್ಟ ಸಸಾರ! ಗಂಡಿಗೂ ಇಲ್ಲ, ಹೆಣ್ಣಿಗೂ ಇಲ್ಲ, ಬೆಂಚಿಗೂ ಇಲ್ಲ. ಹೌದನ್ನಬೇಕಂದ್ರ ಎಂಥಾದ್ದು ಅಂತ ಮೊದಲ ಗೊತ್ತಿರಬೇಕವಾ."

ನನ್ನ ತಲೆ ಕೆಟ್ಟಿತು. "ನಮ್ಮವ್ವ ಒಳಗ ಮಲಗ್ಯಾಳ್ರಿ, ನಿಮಗ ವ್ಯಾಕರಣ ಬೇಕಾಗೇದ!" ಎಂದು ಒದರಿಬಿಟ್ಟೆ. ಅಕ್ಕಪಕ್ಕದ ಬೆಂಚುಗಳಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು.

ಅಕ್ಕೋರು ಸಿಟ್ಟಾಗಲಿಲ್ಲ. "ನನಗೂ ಗೊತ್ತಿಲ್ಲವಾ. ಗೊತ್ತಿದ್ದರ ನಿನಗ ಹೇಳದ ಇರತಿದ್ನೇನು?" ಎಂದವರೇ ನನ್ನ ಕೈ ಹಿಡಿದುಕೊಂಡರು. ಡಾಕ್ಟರು ಹೊರಗೆ ಬರುವ ತನಕ ಬಿಡಲಿಲ್ಲ.

ಅವ್ವ ಉಳಿದಳು. ಯಾರು ಉಳಿಸಿದರೆಂದು ಕೇಳಿದರೆ ಡಾಕ್ಟರು ಮೇಲೆ ಕೈ ತೋರಿಸಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ಇರಲಿ ಎಂದು ಗುಡಿಗೆ ಹೋಗಿ ಕಾಯಿ ಒಡೆಸಿದೆ, ಮನಸ್ಸಿನಲ್ಲಿ ಮಾತ್ರ ಅದಾನ ಅನ್ನಬೇಕೋ ಅದ ಅನ್ನಬೇಕೋ ಎಂಬ ಗೊಂದಲ ಹಾಗೆಯೇ ಇತ್ತು. ಪ್ರಸಾದದ ಕೊಬ್ಬರಿ ತಿಂದು ಅಕ್ಕೋರು "ಭಾಳ ಸಿಹಿ ಅದ" ಎಂದರು. ಅಷ್ಟೇ.

ಹೋದ ವರ್ಷ ಅಕ್ಕೋರೇ ಹಾಸಿಗೆ ಹಿಡಿದರು. ನೌಕರಿ ಸಿಕ್ಕು ನಾನು ಬೇರೆ ಮನೆ ಮಾಡಿದ್ದರೂ ದಿನಾ ಹೋಗಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಚಮಚೆಯಿಂದ ನೀರು ಹಾಕುತ್ತಿದ್ದಾಗ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಅವರ ಕಣ್ಣಲ್ಲಿ ಹೆದರಿಕೆ ಇತ್ತು. ಆ ಕಣ್ಣಲ್ಲಿ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

"ಹುಡುಗಿ, ದೇವರು ಅದಾನೇನ?"

ಲಿಂಗ, ವಚನ ಯಾವುದರ ಗೊಡವೆಯೂ ಇಲ್ಲದೆ, ಎಲ್ಲರೂ ಕೇಳುವ ಹಾಗೆಯೇ ಕೇಳಿದರು.

"ಅದಾನ್ರಿ ಅಕ್ಕೋರ" ಎಂದೆ. ಬಾಯಿಂದ ಬಿದ್ದೇಬಿಟ್ಟಿತು. ನನಗೇನು ಗೊತ್ತಿತ್ತು, ಮಣ್ಣು!

ಅವರು ಕಣ್ಣು ಮುಚ್ಚಿದರು. ಮರುದಿನ ಹೋಗಿಬಿಟ್ಟರು.

ನನ್ನ ಮಾತನ್ನು ಅಕ್ಕೋರು ತಿದ್ದಲಿಲ್ಲ. ತಿದ್ದುವಷ್ಟು ತ್ರಾಣ ಇರಲಿಲ್ಲವೋ, ತಿದ್ದುವಂಥದ್ದೇನೂ ಕಾಣಲಿಲ್ಲವೋ, ಈಗ ಯಾರನ್ನು ಕೇಳಲಿ?